ರಾಕ್ ಹಾಡಿಗೆ ಅರ್ಥಧಾರಿ

ಮುಂಬಯಿಯಿಂದ ಬಂದ ರಮಾನಂದನ ಕೂದಲು ಕಿವಿ ಮುಚ್ಚಿತ್ತು, ಪ್ಯಾಂಟು ಕಾಲಿಗೆ ಅಂಟಿಕೊಂಡಿತ್ತು, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಹೊನ್ನಾವರ ಕಂಡ ಮೊದಲ ರಾಕ್ ಕಲಾವಿದ ತಾನೇ ಎಂದು ಬಸ್ಸಿಳಿದಲ್ಲಿಂದಲೇ ಸಾರುತ್ತ ಬಂದಿದ್ದ. ಮುಂಬಯಿಯ ಹೋಟೆಲೊಂದರಲ್ಲಿ ಅವನೂ ಡ್ರಮ್ಮಿನ ಪಿಂಟೋನೂ ದಿನಾ ಸಂಜೆ ಒಂದು ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಅದು ಶುರುವಾದರೆ ಊಟಕ್ಕೆ ಕೂತವರೂ ಎದ್ದು ಕುಣಿಯುತ್ತಿದ್ದರಂತೆ. ರೆಕಾರ್ಡು ಕೇಳಿ ಕೇಳಿ ಬಾಯಿಪಾಠ ಮಾಡಿದ್ದು. ಪದಗಳ ಅರ್ಥದ ಗೊಡವೆಗೆ ಇಬ್ಬರೂ ಹೋದವರಲ್ಲ.

ಇಷ್ಟು ದೂರ ಬಂದದ್ದು ಅತ್ತೆಯ ಮಗಳು ಪರಮೇಶ್ವರಿಗಾಗಿ. ಕುಮಟೆಯ ಕಾಲೇಜಿನಲ್ಲಿ ಓದುತ್ತಿದ್ದ ಅವಳೆದುರು ಮಾತ್ರ ಅವನ ನಾಲಿಗೆ ಒಣಗುತ್ತಿತ್ತು. ಮದುವೆಯಾಗು ಎಂದು ಕೇಳುವ ಧೈರ್ಯವಿಲ್ಲ. ಹಾಡು ಕೇಳಿದರೆ ಅವಳೇ ಸೋತು ಬರುತ್ತಾಳೆಂದು ಮಹಾಶಯನ ಎಣಿಕೆ. ಅವಳ ಅಕ್ಕನ ಮದುವೆ ಊಟ ಮುಗಿದು ಚಪ್ಪರದಲ್ಲಿ ತಾಳಮದ್ದಲೆ, ಅಂದರೆ ವೇಷ ಕುಣಿತವಿಲ್ಲದೆ ಕೂತೇ ನಡೆಸುವ ಯಕ್ಷಗಾನ, ನಡೆದಿತ್ತು. ಪದ್ಯ ಹಾಡುವ ಭಾಗವತರು ಎಲೆಯಡಿಕೆಯ ಕವಳ ಹಾಕಲು ಎದ್ದದ್ದೇ ತಡ, ರಮಾನಂದ ಗಿಟಾರು ಹಿಡಿದು ನುಗ್ಗಿದ; ಜತೆಗೆ ಬಂದಿದ್ದ ಪಿಂಟೋ ಡ್ರಮ್ಮು ಹೊತ್ತು ಹಿಂದೆಯೇ ಬಂದ.

ಸೊಂಟ ತಿರುಗಿಸಿದ, ಮಂಡಿಯೂರಿದ, ಹಲ್ಲುನೋವು ಬಂದವನಂತೆ ಕಿರುಚಿದ. ಮುಗಿಸಿ, ತಲೆಬಾಗಿ ಚಪ್ಪಾಳೆಗೆ ಕಾದ.

ಒಬ್ಬರೂ ತಟ್ಟಲಿಲ್ಲ. ಸಿಟ್ಟೇನಲ್ಲ, ಅವರೂ ಕಾಯುತ್ತಿದ್ದರು. ತಾಳಮದ್ದಲೆಯಲ್ಲಿ ಪದ್ಯ ಮುಗಿದ ಮೇಲೆ ಅರ್ಥಧಾರಿ ಅದನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕು. ಅಲ್ಲಿಯವರೆಗೆ ಪದ್ಯ ಅರ್ಧವೇ.

"ಪದ್ಯ ಅಡ್ಡಿಲ್ಲೆ. ಅರ್ಥ ಹೇಳಾ ತಮಾ," ಎಂದರು ಪರಮೇಶ್ವರಿಯ ಅಪ್ಪ.

ರಮಾನಂದ ಪಿಂಟೋನ ಮುಖ ನೋಡಿದ. ಪಿಂಟೋ ಡ್ರಮ್ಮಿನ ತಿರುಪು ಬಿಗಿ ಮಾಡತೊಡಗಿದ. ಪರಮೇಶ್ವರಿ ಕಂಬಕ್ಕೊರಗಿ ಇವನನ್ನೇ ನೋಡುತ್ತಿದ್ದಳು. ನೀನೇ ಬೇಕು ಎಂದು ಹೇಳಲು ಇಡೀ ಚಪ್ಪರವೇ ಅಪ್ಪಣೆ ಕೊಟ್ಟಂತಾಗಿತ್ತು. ಈ ಭೂಪ ಗಂಟಲು ಸರಿಮಾಡಿಕೊಂಡು, "ರಾಕಿಗೆ ಅರ್ಥ ಹೇಳಿ ಇರ್ತಿಲ್ಲೆ ಮಾವ. ಅದು ಮೈಮೇಲೆ ಬರವು," ಎಂದ.

"ಮೈಮೇಲೆ ಬಪ್ಪದು ದೆವ್ವ ಅಲ್ದನಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಚಪ್ಪರ ಬಿದ್ದು ಬಿದ್ದು ನಕ್ಕಿತು.

ಅಂದಿನ ಅರ್ಥಧಾರಿ ಮಾದೇವ ಕುಮಟೆಯಲ್ಲಿ ಗುಮಾಸ್ತ. "ಬಿಡಿ, ಆನೇ ಹೇಳ್ತೆ," ಎಂದು ಶಲ್ಯ ಸರಿಪಡಿಸಿಕೊಂಡ. ಇಂಗ್ಲಿಷು ಅವನಿಗೂ ಅಷ್ಟಕ್ಕಷ್ಟೆ. "ದೋಣಿ ತಪ್ಪಿಸಿಕೊಂಡು ಶರಾವತಿಯ ದಂಡೆಯಲ್ಲಿ ನಿಂತವನ ಕೂಗು ಇದು," ಎಂದು ಶುರುಮಾಡಿದ. ಅವನು ಮೆಚ್ಚಿದವಳು ಆಚೆ ದಡದಲ್ಲಿದ್ದಾಳೆ. ಕೂಗಿದರೆ ಗಾಳಿ ಕದಿಯುತ್ತದೆ, ಸುಮ್ಮನಿದ್ದರೆ ಅವಳು ಹೊರಟುಹೋಗುತ್ತಾಳೆ. ಅವಳು ಪುಸ್ತಕ ಎದೆಗವಚಿ ಬಸ್ಸಿಗೆ ಕಾಯುವುದು, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು, ಎಲ್ಲವೂ ಅರ್ಥದೊಳಗೆ ಬಂತು. ಹೆಂಗಸರು ಕಣ್ಣೊರೆಸಿಕೊಂಡರು. ಮಾವ "ಭಲೇ!" ಎಂದರು. ಪರಮೇಶ್ವರಿಯ ಸೆರಗು ಬಾಯಿಗೆ ಹೋದದ್ದನ್ನು ಕಂಡು ರಮಾನಂದನ ಹೊಟ್ಟೆಗೆ ಬೆಂಕಿ ಬಿತ್ತು.

ಆಮೇಲೆ ಪಾನಕ ಹಂಚುತ್ತ ಬಂದ ಅವಳನ್ನು ತಡೆದ. "ಅಂವ ಹೇಳಿದ್ದೆಲ್ಲ ಸುಳ್ಳು. ಹಾಡಲ್ಲಿ ಅದೊಂದೂ ಇಲ್ಲೆ!"

"ಗೊತ್ತಿದ್ದು ಭಾವ," ಎಂದಳು ಪರಮೇಶ್ವರಿ. "ಆ ಹಾಡು ಹಾಸ್ಟೆಲಿನ ರೇಡಿಯೋದಲ್ಲಿ ದಿನಾ ಬತ್ತು. ಅದರಲ್ಲಿ ಇಪ್ಪದು ಇಷ್ಟೇಯ: 'ನಿನ್ನ ಬಿಟ್ಟು ಹೋಗ್ತೆ, ಯನ್ನ ಕಾಯಡ.'"

ಲೋಟ ಅವನ ಕೈಗಿಟ್ಟಳು.

"ಆತು, ಹೋಗಿ ಬಾ," ಎಂದು ಮಾದೇವನಿಗೆ ಪಾನಕ ಕೊಡಲು ಹೊರಟಳು.