ಮಧ್ಯದ ಬೆರಳಿನ ಗರಿ

ಆ ಬೀದಿಯಲ್ಲಿ ಅವಳಿಗೆ ಕೋಳಿಯಕ್ಕ ಎಂಬ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ, ಅವಳು ಬಟ್ಟೆ ಹೊಲಿದು ಬದುಕುವವಳು ಎಂಬುದೇ ಜನಕ್ಕೆ ಮರೆತುಹೋಗಿತ್ತು. ಅಂಗಿಯ ಅಳತೆ ಕೊಡಲು ಬಂದವರು ಸಹ ಮೊದಲು ಹಿತ್ತಿಲಿಗೆ ಹೋಗಿ ಕೋಳಿ ನೋಡಿಕೊಂಡೇ ಒಳಗೆ ಬರುತ್ತಿದ್ದರು. ನೋಡುವಂಥ ಕೋಳಿಗಳೇ ಅವು. ಬ್ರಹ್ಮ ತಳಿಯವು, ಮಂಡಿಯೆತ್ತರ, ಮೈತುಂಬ ದಪ್ಪ ಗರಿ, ಸಾಲದ್ದಕ್ಕೆ ಕಾಲಿನ ಮೇಲೂ ಗರಿ. ದೊಡ್ಡ ಹುಂಜ ನಡೆದು ಬರುವಾಗ ಯಾರೋ ಸಡಿಲ ಪೈಜಾಮ ತೊಟ್ಟು ಬೆಳಗಿನ ವಾಯುವಿಹಾರಕ್ಕೆ ಹೊರಟಂತೆ ಕಾಣುತ್ತಿತ್ತು. ಅದಕ್ಕೆ ಪೈಜಾಮ ಎಂದೇ ಹೆಸರಾಯಿತು. ಹೆಸರಿಟ್ಟವನು ಅವಳ ಗಂಡ.

ಗಂಡ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಯಂತ್ರದ ಬಾಯಿಂದ ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, ಕಲ್ಲು ಸವೆದಿದೆಯೋ ಇಲ್ಲವೋ ಹೇಳುತ್ತಿದ್ದ. ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಹಾಗಾಗಿ ಅವನಿಗೆ ಒಣ ಕೆಮ್ಮು ಹತ್ತಿಕೊಂಡಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡಾಕ್ಟರಮ್ಮ ಏನು ಕೆಲಸ ಎಂದು ಕೇಳಿದರು, ಗಿರಣಿ ಎಂದ. ಅವರ ಪ್ರಶ್ನೆ ಅಲ್ಲಿಗೇ ಮುಗಿಯಿತು.

"ಆ ಧೂಳು ಬಿಡ್ಬೇಕಪ್ಪ. ಬಿಡದೆ ಇದ್ರೆ ನಾನು ಕೊಡೋ ಔಷಧಿ ದಂಡ," ಎಂದರು.

ಬಿಡುವುದೆಂದರೆ ಅವನಿಗೆ ಅಷ್ಟು ಸುಲಭವಾಗಿರಲಿಲ್ಲ. ಗಿರಣಿಯ ಸದ್ದಿಲ್ಲದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವಳೇ ಹಗಲೂ ರಾತ್ರಿ ಅವನ ತಲೆ ತಿಂದಳು. ಜೀವಕ್ಕಿಂತ ಹೆಚ್ಚೇನ್ರೀ ನಿಮ್ಮ ಕಲ್ಲು ಎಂದಳು. ಕೊನೆಗೆ ಅವನು ಗಿರಣಿಯ ಕೀಲಿಕೈ ಮಾಲೀಕನ ಕೈಗಿಟ್ಟು, ಬರುವಾಗ ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಮನೆಗೆ ಬಂದ. ವಾರದೊಳಗೆ ಅಲ್ಲಿಗೆ ಇನ್ನೊಬ್ಬ ಬಂದ.

ಕೈ ಕಟ್ಟಿ ಕೂತ ಗಂಡಸು ಮನೆಯಲ್ಲಿ ದಿನವಿಡೀ ಇದ್ದರೆ ಹೆಂಗಸಿಗೆ ಎಂಥ ಫಜೀತಿಯೆಂದು ಬಲ್ಲವರೇ ಬಲ್ಲರು. ಉಪ್ಪಿನ ಡಬ್ಬ ಇಲ್ಲೇಕಿದೆ ಎಂದು ಕೇಳುತ್ತಾನೆ, ಕತ್ತರಿಗೆ ಸಾಣೆ ಹಿಡಿಯುತ್ತೇನೆಂದು ಇದ್ದ ಹರಿತವನ್ನೂ ಕಳೆಯುತ್ತಾನೆ. ಅವಳು ಉಪಾಯ ಮಾಡಿ ಅವನನ್ನು ಕೋಳಿಗೂಡಿಗೆ ಹಚ್ಚಿದಳು. ಬೆಳಗ್ಗೆ ಗೂಡಿನ ನೆಲದ ಹಳೆಯ ಮರದ ಹೊಟ್ಟನ್ನೂ ಒಣಗಿದ ಹಿಕ್ಕೆಯನ್ನೂ ಕೆರೆದು ತೆಗೆಯುವುದು ಅವನ ಪಾಲಿಗೆ ಬಂತು. ಪ್ರದರ್ಶನಕ್ಕೆ ಒಯ್ಯುವ ಮುಂಚೆ ಕೋಳಿಗಳಿಗೆ ಸೋಪಿನ ನೀರಿನಲ್ಲಿ ಸ್ನಾನ ಮಾಡಿಸಿ, ಹಾಲ್‌ನಲ್ಲಿ ಕೂತು, ತಲೆಗೂದಲು ಒಣಗಿಸುವ ಬಿಸಿಗಾಳಿಯ ಯಂತ್ರದಿಂದ ಗರಿ ಒಣಗಿಸುವುದು ಅವಳ ಪದ್ಧತಿ. ಆಗ ಪೈಜಾಮ ಬೇರೆ ಯಾರ ತೊಡೆಯ ಮೇಲೂ ಕೂರುತ್ತಿರಲಿಲ್ಲ, ಅವನೇ ಬೇಕು. ಅವನು ಹುಂಜವನ್ನು ಮಗುವಿನಂತೆ ಅವುಚಿ ಹಿಡಿಯುತ್ತಿದ್ದ, ಅವಳು ಗಾಳಿ ಬಿಡುತ್ತಿದ್ದಳು, ಗರಿಯ ಬಿಳಿ ಪುಡಿ ಎದ್ದು ಅವನ ಹುಬ್ಬಿನ ಮೇಲೆ ಕೂರುತ್ತಿತ್ತು.

"ಗಿರಣಿ ಬಿಟ್ರೂ ಬಿಳಿ ಹುಬ್ಬು ಬಿಡಲ್ಲ ನೋಡಿ ನಿಮ್ಮನ್ನ," ಎಂದು ಅವಳು ನಗುತ್ತಿದ್ದಳು. ಮುಂದೆ ಆ ಮಾತು ನೆನಪಾದಾಗಲೆಲ್ಲ ಅವಳಿಗೆ ನಾಲಿಗೆ ಕಿತ್ತುಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಇಷ್ಟಕ್ಕೂ ಅವಳ ಹಂಬಲವಾದರೂ ಏನು? ಕೇಳಿದರೆ ನಗು ಬರಬಹುದು. ಬ್ರಹ್ಮ ಕೋಳಿಗೆ ಕಾಲಿನ ಹೊರಬದಿಯಲ್ಲಿ ಗರಿ ಬರುವುದು ದೊಡ್ಡದಲ್ಲ, ಮಧ್ಯದ ಬೆರಳಿನ ತುದಿಯವರೆಗೂ ಬರಬೇಕು. ಅವಳ ಕೋಳಿಗಳಿಗೆ ಉಳಿದದ್ದೆಲ್ಲ ಇತ್ತು, ಅದೊಂದಿಲ್ಲ. ಪ್ರದರ್ಶನದಲ್ಲಿ ತೀರ್ಪುಗಾರ ಕೋಳಿಯ ಕಾಲೆತ್ತಿ ನೋಡಿ, "ಮಧ್ಯದ ಬೆರಳು ಬೋಳು," ಎಂದು ಕೆಳಗಿಡುತ್ತಿದ್ದ. ವರ್ಷ ವರ್ಷವೂ ಅದೇ ಮಾತು. ಅವಳು ಜೋಡಿ ಬದಲಿಸಿದಳು, ಮರಿ ಆರಿಸಿದಳು, ಅತ್ತೂ ಬಿಟ್ಟಳು. ಊರಿನಲ್ಲಿ ಇದೇ ಹುಚ್ಚು ಹಿಡಿದ ಇನ್ನೊಬ್ಬರಿದ್ದರು, ಚಿತ್ರಕಲೆಯ ಮೇಷ್ಟ್ರು. ಅವರ ಹತ್ತಿರ ಬೆರಳು ತಕ್ಕಮಟ್ಟಿಗೆ ತುಂಬಿದ ಒಂದು ಹೇಂಟೆ ಇತ್ತು. ಕಾಡಿ ಬೇಡಿ ಅದನ್ನು ತಂದು ಪೈಜಾಮನ ಜೊತೆ ಬಿಟ್ಟಳು. ಬ್ರಹ್ಮ ಹೇಂಟೆ ಕಾವಿಗೆ ಕೂತರೆ ತನ್ನ ಭಾರಕ್ಕೆ ತಾನೇ ಮೊಟ್ಟೆ ಒಡೆದುಬಿಡುತ್ತದೆ. ಆದ್ದರಿಂದ ಮೊಟ್ಟೆಗಳನ್ನು ಹಗುರ ಮೈಯ ಒಂದು ಸಾದಾ ಹೇಂಟೆಯ ಅಡಿಗಿಟ್ಟಳು. ಒಮ್ಮೆ ಇಲಿ ನುಗ್ಗಿ ಮರಿಗಳನ್ನೆಲ್ಲ ತಿಂದು ಹೋದಂದಿನಿಂದ, ಕಾವಿನ ಬುಟ್ಟಿಯಾಗಲಿ ಮರಿಗಳ ಪೆಟ್ಟಿಗೆಯಾಗಲಿ ಮಲಗುವ ಕೋಣೆಯಲ್ಲೇ, ಮಂಚದ ಪಕ್ಕದಲ್ಲೇ.

ಆ ಮೊಟ್ಟೆಗಳನ್ನು ಕಾವಿಗಿಡುವ ತುಸು ಮುಂಚೆ ನಾದಿನಿಯ ಮನೆಯ ಗೋಡೆ ಕೆರೆದು ಬಣ್ಣ ಬಳಿಯುವ ಕೆಲಸ ಶುರುವಾಗಿತ್ತು. ಆಳುಗಳ ಮೇಲೆ ಕಣ್ಣಿಡಲು ಅಣ್ಣ ಬೇಕೆಂದು ನಾದಿನಿ ಅವನನ್ನು ಕರೆಸಿಕೊಂಡಳು. ಗಿರಣಿ ಬಿಟ್ಟು ಬಹಳ ದಿನವಾಗಿದ್ದರೂ ಅವನ ಕೆಮ್ಮು ಹೆಚ್ಚಿತ್ತೇ ಹೊರತು ಇಳಿದಿರಲಿಲ್ಲ, ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಆ ಸುಣ್ಣದ ಧೂಳಿನಲ್ಲಿ ಇವರ ಗತಿಯೇನೋ ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು. ಆದರೆ ನಾದಿನಿ ಫೋನಿನಲ್ಲಿ ಹೇಳಿದ್ದೇ ಬೇರೆ.

"ಅತ್ತಿಗೆ, ಕೆಮ್ಮು ಕೆಮ್ಮು ಅಂತ ಹೆದರಿಸಿ ಕಳಿಸಿದ್ರಲ್ಲ. ಇಲ್ಲಿ ಬಂದ ಮೇಲೆ ಅಣ್ಣ ಒಂದ್ಸಲನೂ ಕೆಮ್ಮಿಲ್ಲ. ಎರಡು ಸಲ ಅನ್ನ ಹಾಕಿಸ್ಕೊಳ್ತಾನೆ."

ಅವನು ಕೆನ್ನೆ ತುಂಬಿಕೊಂಡು ಬಂದ. ಬಂದ ಸಂಜೆಯೇ, ನೆನಪು ಬಂತೆಂದು ಪೈಜಾಮನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಮೊಟ್ಟೆಗಳನ್ನು ಕಾವಿಗಿಟ್ಟದ್ದೂ ಆ ಸಂಜೆಯೇ, ಬುಟ್ಟಿ ಹಿಡಿದುಕೊಂಡವನೂ ಅವನೇ. ಮಲಗುವ ಹೊತ್ತಿಗೆ ಚಳಿ ಜ್ವರ, ಎದೆ ಬಿಗಿತ, ನಿಲ್ಲದ ಕೆಮ್ಮು. ಅವಳು ಅವನ ಬೆನ್ನು ನೀವುತ್ತಿದ್ದಾಗ ಅವಳಿಗೆ ಮೇಷ್ಟ್ರು ನೆನಪಾದರು. ಮೇಷ್ಟ್ರು ಗೂಡಿಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. "ಕಳ್ಳತನಕ್ಕೆ ಹೊರಟ್ರಾ ಮೇಷ್ಟ್ರೇ?" ಎಂದು ಅವಳು ಕಿಚಾಯಿಸಿದ್ದಳು. "ನಮ್ಮಣ್ಣನಿಗೆ ಈ ಗರಿ ಧೂಳೇ ಎದೆಗೆ ಕೂತು ಕಾಯಿಲೆ ಆಯ್ತಮ್ಮ. ಎಲ್ಲರಿಗೂ ಆಗಲ್ಲ. ಆದವರಿಗೆ ಆಗುತ್ತೆ," ಎಂದು ಅವರು ಅಂದಿದ್ದನ್ನು ಅವಳು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವಳಿಗೆ ಹೊಳೆಯಿತು. ಗಿರಣಿಯ ತಪ್ಪಲ್ಲ ಇದು, ನನ್ನದು. ನಾನೇ ಇವರನ್ನು ಗಿರಣಿಯಿಂದ ಬಿಡಿಸಿ ಗೂಡಿನೊಳಗೆ ತಳ್ಳಿದೆ.

ಅಷ್ಟು ಗೊತ್ತಾದ ಮೇಲೆ ಅವಳು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಂಚದ ಪಕ್ಕದ ಬುಟ್ಟಿಯಲ್ಲಿ ಹೇಂಟೆ ಆಗತಾನೇ ಮೈ ಹರಡಿ ಕೂತಿತ್ತು. ಈ ಒಂದು ಸಲ ಮರಿಗಳು ಹೊರಗೆ ಬರಲಿ, ಬೆರಳು ನೋಡಿಬಿಡುತ್ತೇನೆ, ಆಮೇಲೆ ಎಲ್ಲವನ್ನೂ ಕೊಟ್ಟುಬಿಡುತ್ತೇನೆ ಎಂದುಕೊಂಡಳು. ಮೂರು ವಾರದಲ್ಲಿ ಏನು ಮುಳುಗಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೆಟ್ಟ ಹೆಂಗಸಲ್ಲ ಅವಳು. ಆದರೆ ಆ ಮೂರು ವಾರ ಅವಳು ಮಾಡಿದ್ದು ಕೆಟ್ಟದ್ದೇ, ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ನೆಪ ಹೇಳಿ ಅವನಿಂದ ಪೊರಕೆ ಕಿತ್ತುಕೊಂಡಳು. ಬುಟ್ಟಿಯನ್ನು ಅಡುಗೆಮನೆಗೆ ಸಾಗಿಸಿದಳು. ಅವನಿಗೆ ನೋವಾಯಿತು.

"ಗೂಡು ಗುಡಿಸೋಕೂ ಲಾಯಕ್ಕಿಲ್ಲ ಅಂತಾನಾ ನಾನು?"

"ಹಂಗಲ್ಲ ರೀ, ಸ್ವಲ್ಪ ದಿನ ಸುಧಾರಿಸ್ಕೊಳ್ಳಿ."

"ಕೂತು ಕೂತು ನಾನೇ ಕಾವಿಗೆ ಕೂತಂಗಾಗಿದೆ."

ಅವಳು ಹೊಲಿದ ಬಟ್ಟೆ ಕೊಡಲು ಹೊರಗೆ ಹೋದಾಗಲೆಲ್ಲ ಅವನು ಗೂಡು ಕೆರೆದು, ಪೊರಕೆಯನ್ನು ಇದ್ದಲ್ಲೇ ಇಟ್ಟು, ಏನೂ ಅರಿಯದವನಂತೆ ಬಂದು ಕೂರುತ್ತಿದ್ದ. ಅವಳಿಗೆ ಗೊತ್ತಾಗಬಾರದು, ಹೊರೆ ಮಾತ್ರ ಕಡಿಮೆಯಾಗಬೇಕು, ಅದು ಅವನ ಲೆಕ್ಕಾಚಾರ. ಗೂಡು ಕೊಳೆಯಾಗದೆ ಇದ್ದದ್ದನ್ನು ಅವಳು ಗಮನಿಸಿದಳು. ಗಮನಿಸಿಯೂ ಉಸಿರೆತ್ತಲಿಲ್ಲ.

ಮರಿಗಳು ಚಿಪ್ಪು ಒಡೆದ ಬೆಳಗ್ಗೆ ಅವಳು ಒಂದೊಂದನ್ನೇ ಅಂಗೈಯಲ್ಲಿಟ್ಟು ಕಾಲು ನೋಡಿದಳು. ಬೋಳು, ಬೋಳು, ಅರ್ಧ, ಬೋಳು. ಆಮೇಲೆ ಒಂದು ಬಂತು. ಮಧ್ಯದ ಬೆರಳಿನ ತುದಿಯವರೆಗೂ ಹತ್ತಿಯಂಥ ನವಿರು ಗರಿ. ಅವಳು ಬೆಳಕಿಗೆ ಹಿಡಿದು ಮತ್ತೆ ನೋಡಿದಳು. "ರೀ, ಇಲ್ಲಿ ಬನ್ನಿ," ಎಂದು ಕೂಗಿದಳು. ಉತ್ತರ ಬರಲಿಲ್ಲ. ಹಿತ್ತಿಲಿಗೆ ಓಡಿದರೆ ಅವನು ಗೂಡಿನ ಬಾಗಿಲಲ್ಲಿ ಪೊರಕೆ ಹಿಡಿದೇ ಕುಸಿದು ಕೂತಿದ್ದ. ತುಟಿ ನೀಲಿಗಟ್ಟಿತ್ತು. ಪೈಜಾಮ ಅವನ ಪಕ್ಕದಲ್ಲಿ ನಿಂತು ಅವನ ಅಂಗಿಯ ಗುಂಡಿ ಕುಕ್ಕುತ್ತಿತ್ತು.

ಆಸ್ಪತ್ರೆಯಲ್ಲಿ ಅವನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಎದೆಯ ಎಕ್ಸ್‌ರೇ ತೆಗೆಸಿ ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ಗಿರಣಿ ಬಿಟ್ಟ ಮೇಲೂ ಇಷ್ಟೊಂದು ಹೇಗಾಯ್ತು? ಮನೇಲಿ ಬೇರೆ ಏನಾದ್ರೂ ಧೂಳು ಇದೆಯಾ?"

ಸುಳ್ಳು ಹೇಳಲು ಅಲ್ಲಿಯೂ ಜಾಗವಿತ್ತು. ಅವಳು ಮಂಚದ ಕಂಬಿ ಹಿಡಿದುಕೊಂಡಳು.

"ಕೋಳಿ ಇದೆ ಡಾಕ್ಟ್ರೇ. ಬ್ರಹ್ಮ ಕೋಳಿ. ಮರಿಗಳನ್ನ ಮಲಗೋ ಕೋಣೇಲೇ ಸಾಕ್ತಿದ್ದೆ. ಅದರದ್ದೇ ಧೂಳು ಅಂತ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

ಡಾಕ್ಟರಮ್ಮ ಬಯ್ಯಲಿಲ್ಲ. ಎದೆಯೊಳಗೆ ಗಟ್ಟಿಯಾದ ಭಾಗ ಇನ್ನು ಮೆತ್ತಗಾಗುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಕೋಳಿ ಮಾತ್ರವಲ್ಲ, ಹಿಟ್ಟು ಹೊಟ್ಟು ಯಾವ ಧೂಳೂ ಇನ್ನು ಆಗದು ಎಂದು ಮೆಲ್ಲಗೆ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಗಂಡ ಅವಳ ಕಡೆ ತಿರುಗಿದ.

"ಯಾವಾಗಿಂದ ಗೊತ್ತು?"

"ಮೊಟ್ಟೆ ಕಾವಿಗಿಟ್ಟ ರಾತ್ರಿಯಿಂದ."

"ಹಾಗಾದ್ರೆ ಗಿರಣಿದೇನೂ ತಪ್ಪಿರ್ಲಿಲ್ಲ," ಎಂದ. ಅವಳ ಮೇಲೆ ಕೂಗಾಡಲಿಲ್ಲ. ಗಿರಣಿಯ ಮೇಲೆ ಹೊರಿಸಿದ್ದ ಅಪವಾದವನ್ನು ಇಳಿಸುವುದೇ ಆಗ ಅವನಿಗೆ ಮುಖ್ಯವಾಗಿತ್ತು ಎಂಬಂತೆ ಅಷ್ಟೇ ಹೇಳಿ ಗೋಡೆಯ ಕಡೆ ಹೊರಳಿದ.

ಅವನು ಮನೆಗೆ ಬರುವಷ್ಟರಲ್ಲಿ ಮೇಷ್ಟ್ರು ಗಾಡಿ ತಂದು ಕೋಳಿ, ಮರಿ, ಬುಟ್ಟಿ ಎಲ್ಲ ಸಾಗಿಸಿದ್ದರು. ಅವಳು ಗೂಡು ಕೀಳಿಸಿ, ಗೋಡೆಗೆ ಸುಣ್ಣ ಬಳಿಸಿ, ಹಾಸಿಗೆ ದಿಂಬು ಬದಲಾಯಿಸಿದಳು. ಕೆಮ್ಮು ಇಳಿಯಿತು. ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ಗಿರಣಿಗೆ ಮರಳುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವನು ಅವಳ ಮೇಲೆ ಮುನಿಸಿಕೊಳ್ಳಲೂ ಇಲ್ಲ, ಮೊದಲಿನಂತೆ ಕಿಚಾಯಿಸಲೂ ಇಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಒಂದು ಮನೆಯಲ್ಲಿ ಇಬ್ಬರೇ ಇದ್ದಾಗ ಅಷ್ಟೇ ಮಾತು ಬಹಳ ಕಡಿಮೆಯಾಗುತ್ತದೆ. ಅವಳ ಹೊಲಿಗೆ ಯಂತ್ರದ ಸದ್ದೇ ಆ ಮನೆಯ ದೊಡ್ಡ ಮಾತಾಯಿತು.

ತಿಂಗಳುಗಳು ಕಳೆದ ಮೇಲೆ ಮೇಷ್ಟ್ರು ಫೋನು ಮಾಡಿದರು. "ಒಂದ್ಸಲ ಬಂದು ನೋಡಮ್ಮ. ಆ ಮರಿ ಹುಂಜ ಆಗಿದೆ. ತೀರ್ಪುಗಾರ ಕಾಲೆತ್ತಿ ನೋಡಿ ಬಾಯಿ ಮುಚ್ಕೊಂಡ."

ಹೋಗುವುದಿಲ್ಲ ಎಂದುಕೊಂಡವಳು ಹೋದಳು. ಗೇಟಿನ ಹೊರಗೇ ನಿಂತಳು. ಹುಂಜ ಒಂದೊಂದೇ ಹೆಜ್ಜೆ ಎತ್ತಿಡುತ್ತ ಠೀವಿಯಿಂದ ಬಂತು, ಮಧ್ಯದ ಬೆರಳಿನ ಗರಿ ತುಂಬಿ ನೆಲಕ್ಕೆ ಹರಡಿತ್ತು. ಮೇಷ್ಟ್ರು ಎತ್ತಿ ಅವಳ ಕೈಗೆ ಕೊಡಲು ಬಂದರು. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಸಂತೋಷ ಆಯಿತೇ ಎಂದರೆ ಆಯಿತು, ಅದನ್ನು ಮುಚ್ಚಿಟ್ಟೇನು ಫಲ. ಅಷ್ಟೇ ಜೋರಾಗಿ ಅಳುವೂ ಬಂತು.

ಮನೆಗೆ ಬಂದಾಗ ಅವನು ಅಂಗಡಿಯ ಹಿಟ್ಟಿನ ಪೊಟ್ಟಣ ಬಿಚ್ಚಿ, ಮುಖವನ್ನು ದೂರ ಹಿಡಿದು, ಚಿಟಿಕೆಯಷ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಿದ್ದ.

"ಕಲ್ಲು ಸವೆದಿದೆ," ಎಂದ. ಆಮೇಲೆ ತಲೆಯೆತ್ತದೆ ಕೇಳಿದ, "ನೋಡ್ಕೊಂಡು ಬಂದ್ಯಾ?"

ಅವಳು ಎಲ್ಲಿಗೆ ಹೋಗುತ್ತೇನೆಂದು ಹೇಳಿರಲಿಲ್ಲ. "ಹೊರಗೇ ನಿಂತಿದ್ದೆ. ಮುಟ್ಟಿಲ್ಲ."

"ಬೆರಳು?"

"ತುದಿವರೆಗೂ ಬಂದಿದೆ."

ಅವನು ಕೈಯಲ್ಲಿದ್ದ ಹಿಟ್ಟನ್ನು ಪೊಟ್ಟಣಕ್ಕೆ ಉದುರಿಸಿ, ಬಾಯಿ ಮಡಚಿ ದಾರ ಕಟ್ಟಿದ.

"ಹೋಗ್ಲಿ ಬಿಡು, ಇಬ್ಬರಲ್ಲಿ ಒಬ್ಬರ ಆಸೆಯಾದ್ರೂ ಕೈಗೂಡ್ತಲ್ಲ," ಎಂದ.

ಅದರಲ್ಲಿ ಕೊಂಕಿತ್ತೇ ಎಂದು ಅವಳು ಅವನ ಮುಖ ಹುಡುಕಿದಳು. ಇರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡು, ಏನನ್ನೂ ಮುಟ್ಟದ ಕೈಗಳನ್ನು ಮೊಣಕೈವರೆಗೆ ಸೋಪು ಹಚ್ಚಿ ಉಜ್ಜತೊಡಗಿದಳು.