ಪಂಪಿನ ಸದ್ದು

ನಮ್ಮ ಡೈರೆಕ್ಟರ್ ಆ ಮನೆಗೆ ಕಾಲಿಟ್ಟು ಮಾಡಿದ ಮೊದಲ ಕೆಲಸವೆಂದರೆ ಕಿಟಕಿಯ ಹೂವಿನ ಪರದೆಯನ್ನು ಕಳಚಿಸಿದ್ದು. ಕಾಯಿಲೆಯವನ ಹೆಂಡತಿ ನಾವು ಬರುತ್ತೇವೆಂದು ಅದನ್ನು ಒಗೆದು, ಇಸ್ತ್ರಿ ಮಾಡಿ ಹಾಕಿದ್ದಳು. "ಮನೆ ತುಂಬಾ ಖುಷಿಖುಷಿಯಾಗಿ ಕಾಣ್ತಿದೆ," ಎಂದು ಡೈರೆಕ್ಟರ್ ಮುಖ ಹಿಂಡಿದ. ಆಕೆ ಸ್ಟೂಲು ಹತ್ತಿ ಬಿಚ್ಚಿದಳು. ನಾನು ಮೂಲೆಯಲ್ಲಿ ಮೈಕಿನ ವೈರು ಬಿಡಿಸುತ್ತ ಕೂತಿದ್ದೆ. ಸಾಕ್ಷ್ಯಚಿತ್ರಗಳಿಗೆ ಧ್ವನಿ ಹಿಡಿಯುವುದು ಹದಿನಾರು ವರ್ಷದಿಂದ ನನ್ನ ಕಸುಬು. ವಿಷದ ಹೊಳೆ, ಸೀಸದ ಕಾರ್ಖಾನೆ, ಹೊಗೆ ಕುಡಿದ ಮಕ್ಕಳು, ಎಲ್ಲರ ನರಳಾಟವೂ ನನ್ನ ಕಿವಿಯಿಂದಲೇ ಹಾದುಹೋಗಿದೆ. ಇಂಥ ಪರದೆಗಳನ್ನು ಎಷ್ಟೋ ಮನೆಗಳಲ್ಲಿ ಬಿಚ್ಚಿಸಿದ್ದೇವೆ.

ಕಾಯಿಲೆಯವನು ಕಲ್ಲು ಕೊಯ್ಯುವವನು. ಅಡುಗೆಮನೆಯ ಕಟ್ಟೆಗೆ ಹಾಸುವ ಮಿರಿಮಿರಿ ಹಲಗೆಗಳನ್ನು ಹನ್ನೊಂದು ವರ್ಷ ಗರಗಸದ ಮೆಷೀನಿಗೆ ಕೊಟ್ಟಿದ್ದ. ಆ ದೂಳು ಈಗ ಅವನ ಶ್ವಾಸಕೋಶದಲ್ಲಿ ಗಟ್ಟಿಯಾಗಿ ಕೂತಿತ್ತು. ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ. ಮಂಚದಿಂದ ಬಚ್ಚಲಿಗೆ ಎಂಟು ಹೆಜ್ಜೆ. ಮಧ್ಯೆ ಸುಧಾರಿಸಿಕೊಳ್ಳಲು ಒಂದು ಕುರ್ಚಿ ಹಾಕಿದ್ದರು. "ಇದು ನಮ್ಮ ಬಸ್‌ಸ್ಟಾಪು," ಎಂದು ಅದನ್ನು ತೋರಿಸಿ ಅವನೇ ನಕ್ಕ. ನಗು ಅರ್ಧಕ್ಕೇ ಕೆಮ್ಮಾಯಿತು.

ಡೈರೆಕ್ಟರ್ ಕಣ್ಣರಳಿಸಿದ. "ಫೋಕಸ್ ಇರ್ಲಿಲ್ಲ. ಆ ಕೆಮ್ಮು ಇನ್ನೊಂದ್ಸಲ ಬರುತ್ತಾ?"

"ಅದೇನು ಕೇಳ್ತೀರಿ ಸಾರ್," ಎಂದ ಅವನು, "ನಮ್ಮನೇಲಿ ಅದಕ್ಕೊಂದು ಬರ ಇಲ್ಲ."

ಮೂರು ಸಲ ಕೆಮ್ಮಿಸಿದ ಪುಣ್ಯಾತ್ಮ. ಮೂರನೆಯ ಸಲಕ್ಕೆ ಹೆಂಡತಿ ಒಳಗೆ ಎದ್ದುಹೋದಳು. ಥೂ, ನಾನು ಮಾತ್ರ ಮೈಕನ್ನು ಇನ್ನಷ್ಟು ಹತ್ತಿರ ಹಿಡಿದೆ.

ಉಸಿರು ಹತೋಟಿಗೆ ಬಂದ ಮೇಲೆ ಅವನು ನೆಟ್ಟಗೆ ಕೂತ. "ನಾನು ಇದಕ್ಕೆ ಒಪ್ಪಿದ್ದು ಒಂದೇ ಮಾತಿಗೆ. ನನ್ನ ಕಥೆ ಮುಗೀತು, ಬಿಡಿ. ನನ್ನ ತಮ್ಮ ಈಗ ಅದೇ ಮೆಷೀನಲ್ಲಿ ನಿಂತಿದಾನೆ. ಬ್ಲೇಡಿನ ಮೇಲೆ ನೀರು ಬಿಟ್ಕೊಂಡು ಕೊಯ್ದರೆ ದೂಳು ಏಳಲ್ಲ. ಕಲ್ಲು ಒಣಗೋಕೆ ಹೊತ್ತಾಗುತ್ತೆ ಅಂತ ಮಾಲೀಕ ನೀರು ಹಾಕಿಸಲ್ಲ. ಅದಕ್ಕೆ ನಾನೇ ಈ ಮಂಚದ ಮೇಲೆ ಕೂತು, ಕೆಟ್ಟ ಕೂಲರಿಂದ ಪಂಪು ಕಿತ್ತು ರೆಡಿ ಮಾಡಿಕೊಟ್ಟೆ. ಮಾಲೀಕನ ಹತ್ರ ಮೂರು ತಿಂಗಳು ಜಗಳ ಆಡಿದ ಮೇಲೆ ತಮ್ಮ ಹಾಕ್ಕೊಂಡ. ನೀರಿಲ್ಲದೆ ಕೊಯ್ಯಬೇಡಿ. ಇಷ್ಟು ಮಾತು ನಿಮ್ಮ ಸಿನಿಮಾದಲ್ಲಿ ಬರಲಿ. ಆ ಬೀದಿಯೋರೆಲ್ಲ ಕೇಳಲಿ."

"ಖಂಡಿತ, ಖಂಡಿತ," ಎಂದ ಡೈರೆಕ್ಟರ್. ಹೊರಗೆ ವ್ಯಾನಿನ ಹತ್ತಿರ ಕ್ಯಾಮೆರಾದವನಿಗೆ ಹೇಳಿದ್ದು ಬೇರೆ: "ಪಂಪು ಗಿಂಪು ಎಲ್ಲ ಬೋರು ಕಣೋ. ಜನಕ್ಕೆ ಮನುಷ್ಯ ಬೇಕು."

ಮಧ್ಯಾಹ್ನ ಕಲ್ಲಿನ ಶೆಡ್ಡಿಗೆ ಹೋದೆವು. ತಗಡಿನ ಛಾವಣಿ, ಗೋಡೆಗೊರಗಿಸಿದ ಹಲಗೆಗಳು, ನೆಲದ ಮೇಲೆ ಹಿಟ್ಟಿನಂಥ ಬಿಳಿ ಪುಡಿ. ತಮ್ಮ ಇಪ್ಪತ್ತೈದರ ಹುಡುಗ; ಮುಖಕ್ಕೆ ಮಾಸ್ಕು, ಕಾಲಿಗೆ ರಬ್ಬರ್ ಬೂಟು. ಅವನ ಮೆಷೀನಿನ ಪಕ್ಕದಲ್ಲಿ ಬಕೆಟ್ಟಿನಲ್ಲಿ ಆ ಪಂಪು ಮುಳುಗಿತ್ತು. ಗುಂಯ್ ಎನ್ನುತ್ತ, ಆಗಾಗ ಟಕ್ ಎಂದು ಎಡವುತ್ತಿತ್ತು. ಬ್ಲೇಡಿನ ಮೇಲೆ ನೀರು ಸಣ್ಣಗೆ ಇಳಿಯುತ್ತಿತ್ತು.

ನನಗೆ ಬೇಕಾಗಿದ್ದು ಒಂದು ಕ್ಷಣ. ಗರಗಸ ಶುರುವಾಗುವ ಮುಂಚಿನ ಮೌನ, ಆ ಹುಡುಗನ ಉಸಿರು, ಆಮೇಲೆ ಒಮ್ಮೆಲೇ ಬ್ಲೇಡು ಕಲ್ಲಿಗೆ ಬೀಳುವ ಕಿರುಚಾಟ. ಹೆಡ್‌ಫೋನಿನಲ್ಲಿ ಮೌನದ ತುಂಬ ಪಂಪಿನ ಗುಂಯ್. ಎರಡು ಸಲ ನೋಡಿದೆ, ಮೂರನೆಯ ಸಲಕ್ಕೆ ತಲೆ ಕೆಟ್ಟಿತು.

"ಆ ಪಂಪು ಆಫ್ ಮಾಡ್ರಪ್ಪಾ," ಎಂದು ಕೂಗಿದವಳು ನಾನು. ಬೇರೆ ಯಾರೂ ಅಲ್ಲ.

ತಮ್ಮ ಅನುಮಾನಿಸಿದ. "ಅಣ್ಣ ಬೈತಾನೆ ಮೇಡಂ."

"ಒಂದೇ ಒಂದು ಸಲ," ಎಂದೆ. ಹೋಗಿ ಪ್ಲಗ್ಗು ಕಿತ್ತವಳೂ ನಾನೇ.

ಗರಗಸ ಕಲ್ಲಿಗೆ ಬಿದ್ದ ಕೂಡಲೇ ದೂಳು ಎದ್ದಿತು. ತಗಡಿನ ಸಂದಿಯಿಂದ ಬಂದ ಬಿಸಿಲಿನಲ್ಲಿ ಅದು ಹೊಳೆಯುವುದನ್ನು ಕಂಡು ಡೈರೆಕ್ಟರ್ ಕುಣಿದಾಡಿಬಿಟ್ಟ. "ಅಬ್ಬಾ! ಇದು, ಇದು ಬೇಕಿತ್ತು! ಮಾಸ್ಕ್ ತೆಗಿಯಪ್ಪಾ, ಮುಖ ಕಾಣಲಿ!" ಒಂದೇ ಸಲ ಎಂದಿದ್ದು ಏಳು ಸಲವಾಯಿತು. ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆವು. ಬಾಗಿಲಲ್ಲಿ ಮಾಲೀಕ ಕೈಕಟ್ಟಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಅವನ ಮುಖದಲ್ಲಿ ಅಂದು ಕಂಡ ಸಮಾಧಾನ ಯಾಕೆಂದು ನಾನು ಯೋಚಿಸಲೂ ಇಲ್ಲ.

ಸಿನಿಮಾ ಗೆದ್ದಿತು. ಏಸಿ ಹಾಲಿನಲ್ಲಿ ಕೂತವರು ಮೂಗೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನೀರಿನ ಮಾತು ಒಂದಕ್ಷರವೂ ಉಳಿದಿರಲಿಲ್ಲ. ಉಳಿದದ್ದು ಮೂರನೆಯ ಕೆಮ್ಮು, ಬೋಳು ಕಿಟಕಿ, ಬಿಸಿಲಿನಲ್ಲಿ ಹೊಳೆಯುವ ದೂಳು. ಅತ್ಯುತ್ತಮ ಧ್ವನಿಯ ಪ್ರಶಸ್ತಿ ನನಗೆ ಬಂತು. ಗರಗಸಕ್ಕೆ ಮುಂಚಿನ ಆ ಮೌನವನ್ನು ತೀರ್ಪುಗಾರರು ಹೆಸರು ಹಿಡಿದು ಹೊಗಳಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.

ಆ ಮನೆಯವರಿಗೆ ಸಿನಿಮಾ ತೋರಿಸಬೇಕೆಂದು ಡೈರೆಕ್ಟರಿಗೆ ಹೊಳೆಯಲೇ ಇಲ್ಲ. ನಾನೇ ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಹೋದೆ. ನೀರಿನ ಮಾತು ಇಲ್ಲವೆಂದು ಮೊದಲೇ ಹೇಳಿ ಕ್ಷಮೆ ಕೇಳೋಣ ಎಂದುಕೊಂಡಿದ್ದೆ, ಕೇಳಲಿಲ್ಲ. ಪರದೆ ಮತ್ತೆ ಕಿಟಕಿಗೆ ಬಂದಿತ್ತು. ಬಚ್ಚಲಿನ ಹಾದಿಯಲ್ಲಿ ಈಗ ಎರಡು ಕುರ್ಚಿ. ಅಣ್ಣ ದಿಂಬಿಗೊರಗಿದ್ದ, ಹೆಂಡತಿ ಅವನ ಪಕ್ಕದಲ್ಲಿದ್ದಳು, ತಮ್ಮ ಹೊಸ್ತಿಲ ಮೇಲೆ ಕೂತಿದ್ದ.

ತನ್ನ ಕೆಮ್ಮು ಬಂದಾಗ ಅಣ್ಣ, "ಪರವಾಗಿಲ್ಲ, ಚೆನ್ನಾಗೇ ಮಾಡಿದೀನಿ," ಎಂದ. ಆಮೇಲೆ ಶೆಡ್ಡು ಬಂತು. ಮೌನ. ತಮ್ಮನ ಉಸಿರು. ಗರಗಸ.

"ನಿಲ್ಲಿಸಿ. ಸ್ವಲ್ಪ ಹಿಂದಕ್ಕೆ ಹಾಕಿ."

ಹಾಕಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ಮೆಷೀನ್ ಶುರು ಆಗೋ ಮುಂಚೆ ನನ್ನ ಪಂಪು ಕೇಳ್ಬೇಕಲ್ಲ. ಗುಂಯ್ ಅಂತ, ಮಧ್ಯೆ ಒಂದು ಟಕ್. ಎಲ್ಲೋಯ್ತು ಅದು?" ಕಣ್ಣು ಬಿಟ್ಟು ತಮ್ಮನ ಕಡೆ ತಿರುಗಿದ. "ಯಾರೋ ಆಫ್ ಮಾಡಿದ್ದು? ಮಾಲೀಕನಾ?"

ತಮ್ಮ ನೆಲ ನೋಡುತ್ತಿದ್ದ. ನನ್ನನ್ನು ಕಾಪಾಡುತ್ತಿದ್ದಾನೆ ಎಂದು ಗೊತ್ತಾಯಿತು.

"ನಾನು," ಎಂದೆ.

"ಯಾಕೆ?"

"ಸದ್ದು ಅಡ್ಡ ಬರ್ತಿತ್ತು."

ಅವನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನ್ನ ಕಿವಿಗಳನ್ನೇ ಸ್ವಲ್ಪ ಹೊತ್ತು ನೋಡಿದ, ಅಲ್ಲೇನೋ ಅಂಟಿದೆಯೇನೋ ಎಂಬಂತೆ.

"ಸರಿ. ಆಫ್ ಮಾಡ್ದೋರು ನೀವು. ನಾಳೆ ಶೆಡ್ಡಿಗೆ ಹೋಗಿ, ಮಾಲೀಕನ ಎದುರಿಗೇ ನೀವೇ ಆನ್ ಮಾಡಿ ಬನ್ನಿ."

"ಹೋಗ್ತೀನಿ," ಎಂದೆ.

ಹೊಸ್ತಿಲಿಂದ ತಮ್ಮ ತಲೆಯೆತ್ತದೆ ಮಾತಾಡಿದ. "ಎಲ್ಲಿದೆ ಅಂತ ಆನ್ ಮಾಡ್ತೀರಿ ಮೇಡಂ? ಅವತ್ತು ನಿಮ್ಮ ವ್ಯಾನು ಆ ಕಡೆ ಹೋಯ್ತು, ಈ ಕಡೆ ಮಾಲೀಕ ಪಂಪನ್ನ ಬಕೆಟ್ ಸಮೇತ ಬೀದಿಗೆ ಎಸೆದ. ಶ್ವಾಸಕೋಶದ ಸಿನಿಮಾ ಮಾಡೋರೇ ಬೇಡ ಅಂದ್ರು, ನಿಂದೇನೋ ದೊಡ್ಡದು ಅಂದ." ಅವನು ಅಣ್ಣನ ಕಡೆ ನೋಡಿದ. "ಏಳು ತಿಂಗಳಾಯ್ತು. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ ಅಣ್ಣ."

ಹೇಳಿ ಮುಗಿಸಿ ಅವನು ಮುಖ ಆಚೆ ತಿರುಗಿಸಿ ಕೆಮ್ಮಿದ. ಸಣ್ಣ, ಒಣ ಕೆಮ್ಮು. ಅಣ್ಣನ ಹೆಂಡತಿ ಎದ್ದುಹೋಗಿ ಅವನಿಗೆ ನೀರು ತಂದುಕೊಟ್ಟಳು.