ಭಾವನ ಬ್ಲಾಗಿನಲ್ಲಿ ಗಂಟಲು ಪುಡಿ

ಸಮ್ಮೇಳನದ ಬಾಗಿಲಲ್ಲೇ ನನಗೆ ಸಾಕುಸಾಕಾಗಿತ್ತು. ಕುತ್ತಿಗೆಗೆ ನೇತುಹಾಕಿಕೊಳ್ಳಲು ಕೊಟ್ಟ ಚೀಟಿಯಲ್ಲಿ ಹೆಸರಿಗೆ ಬೆರಳಗಲ ಜಾಗ, ‘ನಿಮ್ಮನ್ನು ಹಿಂಬಾಲಿಸುವವರು ಎಷ್ಟು?’ ಎಂಬುದಕ್ಕೆ ಅಂಗೈಯಗಲ. ಎದುರಾದವರೆಲ್ಲ ಮುಖಕ್ಕಿಂತ ಮೊದಲು ಆ ಸಂಖ್ಯೆ ನೋಡುತ್ತಿದ್ದರು. ದೊಡ್ಡದಿದ್ದರೆ ಹಲ್ಲು ಕಿರಿಯುತ್ತಿದ್ದರು, ಚಿಕ್ಕದಿದ್ದರೆ ಯಾರನ್ನೋ ಹುಡುಕುವವರ ಹಾಗೆ ಕತ್ತು ತಿರುಗಿಸುತ್ತಿದ್ದರು. ಅಕ್ಕ ತನ್ನ ಚೀಟಿಯಲ್ಲಿ ‘ಒಬ್ಬ’ ಎಂದು ಬರೆದಳು.

“ನೀನೇ ಕಣೋ, ಬೆಳಿಗ್ಗೆಯಿಂದ ಹಿಂದೆ ಹಿಂದೆ ಬರ್ತಿದ್ದೀಯಲ್ಲ” ಎಂದು ನಕ್ಕಳು.

ಅದು ಬ್ಲಾಗು ಬರೆಯುವವರು ಮತ್ತು ವೆಬ್‌ಸೈಟು ಕಟ್ಟುವವರ ಎರಡು ದಿನದ ಸಮ್ಮೇಳನ. ಹದಿನೈದು ವರ್ಷದಿಂದ ವೆಬ್‌ಸೈಟು ಕಟ್ಟಿಯೇ ಹೊಟ್ಟೆ ಹೊರೆಯುತ್ತಿದ್ದರೂ ಇಂಥ ಕಡೆ ನಾನು ಕಾಲಿಡುವವನಲ್ಲ. ಹೆಸರು ನೋಂದಾಯಿಸಿ ಎಳೆದುಕೊಂಡು ಬಂದವಳು ಅಕ್ಕ. “ನಿನ್ನ ಕೈಲಿ ಆಗದಿದ್ರೆ ಬೇಡ, ಅಷ್ಟು ಜನ ಸೇರ್ತಾರೆ, ಒಬ್ಬರಿಗಾದ್ರೂ ರಿಪೇರಿ ಮಾಡೋಕೆ ಬರುತ್ತೆ” ಎಂಬುದು ಅವಳ ಲೆಕ್ಕಾಚಾರ.

ರಿಪೇರಿ ಆಗಬೇಕಿದ್ದದ್ದು ಭಾವನ ಬ್ಲಾಗು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಭಾವನ ದನಿ ಹೋಯಿತು. ಆಮೇಲೆ ಬದುಕಿದ್ದ ಒಂಬತ್ತು ವರ್ಷ ಅವರು ಮಾತಾಡಿದ್ದೆಲ್ಲ ಅದರಲ್ಲೇ. ಒಳಕೋಣೆಯಲ್ಲಿದ್ದವರನ್ನು ಕರೆಯಲು ತಟ್ಟೆಗೆ ಎಷ್ಟು ಸಲ ಬಡಿಯಬೇಕು, ಬಸ್ಸಿನಲ್ಲಿ ಟಿಕೆಟ್ ಕೇಳುವುದು ಹೇಗೆ ಎಂಬಂಥ ಮುನ್ನೂರು ಬರಹಗಳು. ಒಂದರಲ್ಲಿ, ‘ಜಗಳವಾದಾಗ ನಾನು ಬರೆದು ಮುಗಿಸುವಷ್ಟರಲ್ಲಿ ನನ್ನ ಕೋಪ ಇಳಿದಿರುತ್ತದೆ, ಅವಳದು ಏರಿರುತ್ತದೆ’ ಎಂದಿದ್ದರು. ಭಾವ ಹೋದ ಮೇಲೆ ಅಕ್ಕ ದಿನಾ ರಾತ್ರಿ ಒಂದು ಬರಹ ಓದಿ ಮಲಗುತ್ತಿದ್ದಳು. ಏಳು ತಿಂಗಳ ಹಿಂದೆ ಒಂದು ದಿನ ಪುಟ ತೆರೆಯಲಿಲ್ಲ.

“ಸರ್ವರ್ ಕೆಟ್ಟಿದೆ ಅಕ್ಕ. ದೊಡ್ಡ ರಿಪೇರಿ, ಟೈಮ್ ಹಿಡಿಯುತ್ತೆ. ನಾನು ಹೇಳೋವರೆಗೂ ತೆರೀಬೇಡ” ಎಂದಿದ್ದೆ ನಾನು.

ಸುಳ್ಳು. ಆ ಬ್ಲಾಗು ಕಟ್ಟಿಕೊಟ್ಟವನು ನಾನು. ಹಣ ಕಟ್ಟಿ ಬ್ಲಾಗಿನ ವಿಳಾಸ ನವೀಕರಿಸಿ ಎಂಬ ಪತ್ರಗಳು ಬರಲೆಂದು ನನ್ನ ಕಚೇರಿಯ ಮೇಲ್ ಕೊಟ್ಟಿದ್ದೆ. ಎರಡು ವರ್ಷದ ಹಿಂದೆ ಆ ಕಚೇರಿ ಬಿಟ್ಟಾಗ ಅದನ್ನು ಬದಲಿಸುವುದು ಮರೆತೆ. ಗಡುವು ಮುಗಿದು ವಿಳಾಸ ಕೈತಪ್ಪಿತು, ಬರಹಗಳಿದ್ದ ಸರ್ವರೂ ಖಾಲಿಯಾಯಿತು. ಬ್ಯಾಕಪ್ ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ ಎಂದು ಗಿರಾಕಿಗಳ ತಲೆ ತಿನ್ನುವ ನಾನು ಭಾವನ ಬ್ಯಾಕಪ್ಪನ್ನು ಅದೇ ಸರ್ವರಿನಲ್ಲಿ ಇಟ್ಟಿದ್ದೆ. ಇಂಥ ಕತ್ತೆ ಕೆಲಸ ಈ ಕಸುಬಿನವರನ್ನು ಬಿಟ್ಟು ಬೇರೆ ಯಾರೂ ಮಾಡಲಾರರು. ನಾಚಿಕೆಗೆ ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಶನಿವಾರವಿಡೀ ಅಕ್ಕ ‘ಒಬ್ಬ’ ಎಂಬ ಚೀಟಿ ನೇತುಹಾಕಿಕೊಂಡೇ ಸಿಕ್ಕಸಿಕ್ಕವರನ್ನು ವಿಚಾರಿಸಿದಳು. ಅವಳು ‘ಸರ್ವರ್’ ಎಂದಾಗಲೆಲ್ಲ ನಾನು ನಡುವೆ ಬಾಯಿ ಹಾಕಿ ಮಾತು ತೇಲಿಸಿದೆ. ವೇದಿಕೆಯ ಮೇಲೆ ಒಬ್ಬಳು ಒಂದೇ ದುಃಖದಿಂದ ಹತ್ತು ಬರಹ ಹಿಂಡುವುದು ಹೇಗೆಂದು ಹೇಳಿಕೊಡುತ್ತಿದ್ದಳು. “ಅಮ್ಮ ಹೋದ ದಿನವೇ ಬರೆಯಬೇಡಿ. ಮಂಗಳವಾರ ಜನ ಜಾಸ್ತಿ ಓದ್ತಾರೆ, ಅಲ್ಲಿವರೆಗೆ ಕಾಯಿರಿ” ಎಂದಳು. ಜನ ಅದನ್ನು ಬರೆದುಕೊಂಡರು! ಥೂ ಎನ್ನುವ ಹಾಗಾಯಿತು ನನಗೆ. ಊಟದ ಮೇಜಿನಲ್ಲೂ ಅಷ್ಟೇ, ಪಕ್ಕದವನು ತಟ್ಟೆಯ ಫೋಟೊ ಹನ್ನೆರಡು ಸಲ ತೆಗೆದು, ಒಂದು ತುತ್ತೂ ತಿನ್ನದೆ ಎದ್ದುಹೋದ.

ಭಾನುವಾರದ ಮುಖ್ಯ ಭಾಷಣಕಾರನನ್ನು ಪುಟಗಳಿಗೆ ಓದುಗರನ್ನು ನುಗ್ಗಿಸುತ್ತಾನೆಂದು ಎಲ್ಲರೂ ‘ಟ್ರಾಫಿಕ್ ದೊರೆ’ ಎನ್ನುತ್ತಿದ್ದರು. ಗಡುವು ಮೀರಿದ ವಿಳಾಸಗಳನ್ನು ಕೊಂಡು ಜಾಹೀರಾತು ತುಂಬುವುದು ಅವನ ಕಸುಬು. “ಸತ್ತ ಬ್ಲಾಗು ಸತ್ತಿರಲ್ಲ ಸ್ನೇಹಿತರೇ” ಎಂದು ಪರದೆಯ ಮೇಲೆ ಒಂದು ಪುಟ ತೆರೆದ.

ಅಕ್ಕ ನನ್ನ ಮೊಣಕೈ ಹಿಡಿದಳು. ಭಾವನ ಪುಟ. ನೆತ್ತಿಯಲ್ಲಿ ಅವರ ಫೋಟೊ, ಸುತ್ತಲೂ ಗಂಟಲು ಪುಡಿಯ ಡಬ್ಬಿಗಳು.

“ಆಸ್ಪತ್ರೆಗಳು ಕೂಡ ಈ ಬ್ಲಾಗನ್ನು ನೋಡಿ ಅಂತ ಹೇಳ್ತಿದ್ವು. ಅಂಥ ಹೆಸರನ್ನ ಬಿಡೋಕಾಗುತ್ತಾ? ಹಳೇ ಬರಹ ಎಲ್ಲಾ ಇಂಟರ್ನೆಟ್ಟಿನಲ್ಲಿ ಹಳೇ ಪುಟಗಳ ಪ್ರತಿ ಇಡೋ ಸಂಗ್ರಹಗಳಲ್ಲಿ ಬಿದ್ದಿತ್ತು, ಎತ್ಕೊಂಡ್ವಿ. ಹೋದ ತಿಂಗಳು ಮತ್ತೆ ಶುರು ಮಾಡಿದ್ವಿ. ಅಲ್ಲಲ್ಲಿ ನಮ್ಮದೊಂದು ಸಾಲು ಸೇರಿಸಿದ್ವಿ, ಅಷ್ಟೇ.”

ಸೇರಿಸಿದ ಸಾಲು ಹಳದಿ ಬಣ್ಣದಲ್ಲಿ ಹೊಳೆಯಿತು: ‘ನನ್ನ ಹೆಂಡತಿ ದಿನಾ ಕೊಡುತ್ತಿದ್ದ ಈ ಪುಡಿಯೇ ನನ್ನನ್ನು ಉಳಿಸಿತು.’

ಸಭೆ ಚಪ್ಪಾಳೆ ತಟ್ಟಿತು. ನನ್ನ ಮೈಯೆಲ್ಲ ಉರಿದುಹೋಯಿತು. ದನಿಯಿಲ್ಲದ ಮನುಷ್ಯನ ಬಾಯಿಗೆ ಸುಳ್ಳು ತುರುಕಿದ್ದ ಆ ಹಲ್ಕಾ, ಸತ್ತವನ ಹೆಂಡತಿಯನ್ನೂ ಪುಡಿ ಮಾರಲು ನಿಲ್ಲಿಸಿದ್ದ. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ.

“ನಾಚಿಕೆ ಆಗಲ್ವೇನ್ರೀ? ಸತ್ತವರ ಮನೆಗೆ ಕನ್ನ ಹಾಕ್ತೀರಲ್ಲ!”

ಅವನಿಗೆ ಬೇಸರವೂ ಆಗಲಿಲ್ಲ. “ಕನ್ನ ಯಾಕೆ ಸರ್, ಬಾಗಿಲು ತೆರೆದೇ ಇತ್ತು. ಕೊಳ್ಳೋ ಮುಂಚೆ ನಾವು ಹಳೇ ಮಾಲೀಕರ ಮೇಲ್‌ಗೆ ಪತ್ರ ಬರೀತೀವಿ, ಅದು ನಮ್ಮ ಪದ್ಧತಿ. ಎರಡು ಸಲ ಬರೆದ್ವಿ, ಎರಡೂ ವಾಪಸ್ ಬಂತು. ನೋಡಿ ಬೇಕಾದ್ರೆ” ಎಂದು ಮುಂದಿನ ಚಿತ್ರ ಹಾಕಿದ.

ವಾಪಸ್ ಬಂದ ಪತ್ರದ ಮೇಲೆ ನನ್ನ ಹೆಸರಿತ್ತು, ಅದಕ್ಕೆ ಅಂಟಿಕೊಂಡು ನಾನು ಬಿಟ್ಟ ಕಚೇರಿಯ ಹೆಸರು. ಆಳೆತ್ತರದ ಅಕ್ಷರ. ಅಕ್ಕ ಅದನ್ನು ಓದಿದಳು. ನನ್ನ ಕಡೆ ನೋಡಿದಳು. ನಾನು ಕುಳಿತೆ.

“ಸರ್ವರ್ ಅಂದಿದ್ದೆ” ಎಂದಳು.

“ಹೇಳೋಕೆ ಆಗಲಿಲ್ಲ ಅಕ್ಕ.”

ಅವಳು ಕಿರುಚಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಚೀಲ ಎತ್ತಿಕೊಂಡು ಹೊರಗಿನ ಪಡಸಾಲೆಗೆ ಹೋದಳು. ಹಿಂದೆಯೇ ಹೋದೆ. ಗೋಡೆ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಭಾವನ ಮೊದಲ ಬರಹ ತೆರೆದು, ನೋಡಿಕೊಂಡು ಒಂದೊಂದೇ ಅಕ್ಷರ ಟೈಪು ಮಾಡತೊಡಗಿದ್ದಳು. ಪುಡಿಯ ಜಾಹೀರಾತು ಎದ್ದು ಬಂದಾಗಲೆಲ್ಲ ಅದನ್ನು ತಳ್ಳಿ ಮುಂದೆ ಹೋಗುತ್ತಿದ್ದಳು.

“ಆ ಲಫಂಗನ ಮೇಲೆ ಕೇಸ್ ಹಾಕೋಣ ಅಕ್ಕ.”

“ಅವನು ಕೊಳಕನೇ, ಬಿಡು. ಆದ್ರೂ ನಿನ್ನ ಭಾವ ಬರೆದದ್ದನ್ನ ಅವನು ಎತ್ತಿಟ್ಕೊಂಡಿದ್ದ.” ಒಂದು ಸಾಲಿನ ಮುಂದೆ ಬೆರಳು ನಿಲ್ಲಿಸಿದಳು. “ಇದು ಅವರದ್ದಲ್ಲ. ಅವರು ನನ್ನನ್ನ ‘ಹೆಂಡತಿ’ ಅಂತ ಬರೀತಾನೇ ಇರಲಿಲ್ಲ, ‘ಅವಳು’ ಅಷ್ಟೇ.” ಆ ಸಾಲು ಬಿಟ್ಟು ಮುಂದುವರಿದಳು.

ಮುನ್ನೂರು ಬರಹ. ಹೀಗೆ ಕುಟ್ಟುತ್ತ ಕೂತರೆ ವರ್ಷವಾದರೂ ಮುಗಿಯದು. ನೋಡಲಾಗಲಿಲ್ಲ ನನಗೆ.

“ಕೊಡು ಅಕ್ಕ ಇಲ್ಲಿ. ನಾನು ಎಲ್ಲಾ ಒಟ್ಟಿಗೇ ಇಳಿಸಿಕೊಡ್ತೀನಿ. ಆ ಹಳೇ ಸಂಗ್ರಹದಿಂದಲೇ ತೆಗೀತೀನಿ, ಅಲ್ಲಿ ಅವನ ಸಾಲೂ ಇರಲ್ಲ. ಹತ್ತು ನಿಮಿಷದ ಕೆಲಸ.”

ಅಕ್ಕನ ಬೆರಳು ನಿಂತಿತು. ತಲೆಯೆತ್ತಿ, ಬೆಳಿಗ್ಗೆಯಿಂದ ಅಲ್ಲಿ ಕಂಡ ಅಪರಿಚಿತರಲ್ಲಿ ಒಬ್ಬನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

“ಏಳು ತಿಂಗಳು ಕಾಯಿಸಿದ್ದು ಹತ್ತೇ ನಿಮಿಷದ್ದಾ?” ಎಂದಳು.

ಸಭೆಯೊಳಗೆ ಇನ್ನೊಂದು ಸುತ್ತು ಚಪ್ಪಾಳೆಯಾಯಿತು. ಅಕ್ಕ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನಿಲ್ಲಿಸಿದ್ದ ಸಾಲಿನಿಂದ ಮತ್ತೆ ಟೈಪು ಮಾಡತೊಡಗಿದಳು.